ಮಂಡಿ ಹೌಸಿಗೆ ಹೊರಡುವ ಮುನ್ನ: ರಂಗವಿನ್ಯಾಸ ಕಲಿಯಲು ಅರ್ಜಿ ಹಾಕುವ ಬಗೆ

ದೆಹಲಿ ಮೆಟ್ರೊದ ಮಂಡಿ ಹೌಸ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಕಮಾನಿ, ಶ್ರೀರಾಮ್ ಸೆಂಟರ್, ಎಲ್‌ಟಿಜಿ, ತ್ರಿವೇಣಿ ಎಂದು ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ ರಂಗಮಂದಿರಗಳ ಒಂದು ಸಾಲೇ ಸಿಗುತ್ತದೆ. ಅಲ್ಲೇ ಭಗವಾನ್‌ದಾಸ್ ರಸ್ತೆಯ ಬಹಾವಲ್‌ಪುರ ಹೌಸ್‌ನಲ್ಲಿ ರಾಷ್ಟ್ರೀಯ ನಾಟಕ ಶಾಲೆ ಇದೆ. ಎಲ್ಲರೂ ಎನ್‌ಎಸ್‌ಡಿ ಎಂದೇ ಕರೆಯುತ್ತಾರೆ. 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಕೆಳಗೆ ಶುರುವಾದ ಈ ಶಾಲೆ 1975ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ್ದ ಬಿ.ವಿ. ಕಾರಂತರು ಇಲ್ಲಿ ಕಲಿತು, 1977ರಲ್ಲಿ ಇದೇ ಶಾಲೆಯ ನಿರ್ದೇಶಕರಾದರು. ಪ್ರೇಮಾ ಕಾರಂತ, ಬಿ. ಜಯಶ್ರೀ, ಪ್ರಸನ್ನ, ಚಿದಂಬರರಾವ್ ಜಂಬೆ, ಸಿ. ಬಸವಲಿಂಗಯ್ಯ ಇವರೆಲ್ಲ ಇಲ್ಲಿ ಕಲಿತವರೇ. ಹೀಗಾಗಿ ಕನ್ನಡದ ರಂಗಾಸಕ್ತ ಹುಡುಗ ಹುಡುಗಿಯರಿಗೆ ಈ ವಿಳಾಸ ಹೊಸದಲ್ಲ. ಆದರೆ ನಟನೆ ಬೇಡ, ಸೆಟ್ಟು, ಬೆಳಕು, ವಸ್ತ್ರ ಇವನ್ನು ಕಲಿಯಬೇಕು ಎಂದು ಬರುವವರಿಗೆ ದಾರಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಈ ಬರಹ ಅವರಿಗಾಗಿ.

ಮೊದಲು ತಿಳಿದಿರಬೇಕಾದ ಸಂಗತಿ: ಎನ್‌ಎಸ್‌ಡಿಯಲ್ಲಿ ವಿನ್ಯಾಸಕ್ಕೆಂದು ಬೇರೆ ಅರ್ಜಿ ಇಲ್ಲ. ಇರುವುದು ನಾಟಕ ಕಲೆಯ ಮೂರು ವರ್ಷದ ಒಂದೇ ಡಿಪ್ಲೊಮಾ. ಮೊದಲ ವರ್ಷ ಎಲ್ಲರೂ ಎಲ್ಲವನ್ನೂ ಕಲಿಯುತ್ತಾರೆ. ನಟನಾಗಬೇಕೆಂದು ಬಂದವನು ಮರಗೆಲಸದ ಕೋಣೆಯಲ್ಲಿ ಗರಗಸ ಹಿಡಿಯುತ್ತಾನೆ, ಬೆಳಕಿನ ಹುಚ್ಚು ಹಿಡಿದವಳು ಬೆಳಗಿನ ಯೋಗಕ್ಕೂ ಧ್ವನಿಯ ತರಗತಿಗೂ ಹೋಗುತ್ತಾಳೆ. ಎರಡನೇ ವರ್ಷದಿಂದ ಕವಲು ಒಡೆಯುತ್ತದೆ. ಒಂದು ಅಭಿನಯ, ಇನ್ನೊಂದು ರಂಗತಂತ್ರ, ವಿನ್ಯಾಸ ಮತ್ತು ನಿರ್ದೇಶನ. ವಿನ್ಯಾಸ ಮತ್ತು ನಿರ್ದೇಶನವನ್ನು ಒಂದೇ ಕವಲಿನಲ್ಲಿ ಇಟ್ಟಿರುವುದು ನನಗೆ ಬಹಳ ಸರಿ ಎನಿಸುತ್ತದೆ. ನಾಟಕವನ್ನು ಓದಲು ಬಾರದವನು ಕಟ್ಟಿದ ಸೆಟ್ಟು ಮದುವೆ ಮಂಟಪವಾಗುತ್ತದೆ, ರಂಗವಾಗುವುದಿಲ್ಲ.

ಹೆಸರು ಡಿಪ್ಲೊಮಾ ಎಂದಿದ್ದರೂ ಸೇರಲು ಯಾವುದಾದರೂ ವಿಷಯದಲ್ಲಿ ಪದವಿ ಮುಗಿಸಿರಬೇಕು. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಇದನ್ನು ಸ್ನಾತಕೋತ್ತರ ಪದವಿಗೆ ಸಮಾನವೆಂದು ಒಪ್ಪಿದೆ. ವಯಸ್ಸಿನ ಮಿತಿ 18ರಿಂದ 30. ಪರಿಶಿಷ್ಟ ಜಾತಿ, ಪಂಗಡದವರಿಗೆ ಸಡಿಲಿಕೆ ಇದೆ. ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ ವ್ಯವಹರಿಸುವಷ್ಟು ತಿಳಿವಳಿಕೆ ಬೇಕು. ಇವುಗಳ ಜೊತೆಗೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಕೇಳುತ್ತಾರೆ. ಇತ್ತೀಚಿನ ಪ್ರಕಟಣೆಗಳಲ್ಲಿ ಕನಿಷ್ಠ ಆರು ನಾಟಕ ಎಂಬ ಲೆಕ್ಕವಿದೆ. ರಂಗಭೂಮಿಯ ಅನುಭವಿಯೊಬ್ಬರ ಶಿಫಾರಸು ಪತ್ರವೂ ಬೇಕು. ತಾರೀಕು, ಶುಲ್ಕ, ಪರೀಕ್ಷಾ ಕೇಂದ್ರಗಳು ಪ್ರತಿವರ್ಷ ಬದಲಾಗುತ್ತವೆ. ಹೋದ ವರ್ಷ ಹೋಗಿಬಂದ ಸ್ನೇಹಿತನ ಮಾತನ್ನು ನೆಚ್ಚಿ ಕೂರದೆ ಆಯಾ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಬೇಕು.

ಆರು ನಾಟಕದ ಈ ನಿಯಮದಲ್ಲೇ ತೆರೆಮರೆಯಲ್ಲಿ ದುಡಿದವರು ಸಿಕ್ಕಿಬೀಳುವುದು. ನಟರ ಹೆಸರು ಕರಪತ್ರದಲ್ಲಿ ಇರುತ್ತದೆ, ಫೋಟೊದಲ್ಲಿ ಮುಖ ಇರುತ್ತದೆ. ಸೈಡ್ ವಿಂಗಿನಲ್ಲಿ ನಿಂತು ಹಗ್ಗ ಎಳೆದವನದು, ಡಿಮ್ಮರ್ ಮುಂದೆ ಕೂತವಳದು ಎಷ್ಟೋ ಸಲ ಎಲ್ಲೂ ಇರುವುದಿಲ್ಲ. ಹೀಗಾಗಿ ಇವತ್ತಿನಿಂದಲೇ ಒಂದು ಕೆಲಸ ಮಾಡಿ. ನೀವು ದುಡಿದ ಪ್ರತಿ ನಾಟಕದ ಕರಪತ್ರ ಎತ್ತಿಡಿ, ಅದರಲ್ಲಿ ಹೆಸರಿಲ್ಲದಿದ್ದರೆ ನಿರ್ದೇಶಕರಿಂದ ಎರಡು ಸಾಲಿನ ಪತ್ರ ಬರೆಸಿಕೊಳ್ಳಿ. ಯಾವ ನಾಟಕ, ಯಾವ ದಿನ, ಯಾವ ರಂಗಮಂದಿರ, ನೀವು ಮಾಡಿದ ಕೆಲಸವೇನು, ಇಷ್ಟಿದ್ದರೆ ಸಾಕು. ಮೂರು ವರ್ಷ ಕಳೆದ ಮೇಲೆ ಆ ತಂಡವೇ ಚದುರಿಹೋಗಿರುತ್ತದೆ, ಆಗ ಪತ್ರಕ್ಕೆ ಯಾರನ್ನೂ ಹುಡುಕಲಾಗುವುದಿಲ್ಲ.

ಆಯ್ಕೆ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲದು ದೇಶದ ಬೇರೆ ಬೇರೆ ನಗರಗಳಲ್ಲಿ ನಡೆಯುವ ಪ್ರಾಥಮಿಕ ಪರೀಕ್ಷೆ, ಅಲ್ಲಿ ಗೆದ್ದವರಿಗೆ ದೆಹಲಿಯಲ್ಲಿ ಕೆಲವು ದಿನಗಳ ಕಾರ್ಯಾಗಾರ. ಇಡೀ ದೇಶಕ್ಕೆ ಇರುವುದು ಮೂವತ್ತರ ಆಸುಪಾಸಿನ ಸೀಟುಗಳು. ಅರ್ಜಿ ಒಂದೇ ಆದ್ದರಿಂದ ವಿನ್ಯಾಸ ಕಲಿಯಬೇಕೆನ್ನುವವರೂ ಅಭಿನಯದ ತುಣುಕು ತಯಾರು ಮಾಡಿಕೊಂಡೇ ಹೋಗಬೇಕು. ನಾನು ಸೆಟ್ ಮಾಡುವವ, ನನಗೇಕೆ ಮಾತು, ಹಾಡು ಎಂದು ಹಟ ಹಿಡಿಯುವುದರಿಂದ ಪ್ರಯೋಜನವಿಲ್ಲ. ಒಳ್ಳೆಯ ನಟನೆ ಬಾರದಿದ್ದರೂ ಮಾತಿನ ಅರ್ಥ ತಿಳಿದು, ನಿಂತ ಜಾಗದ ಅರಿವಿಟ್ಟುಕೊಂಡು ಆಡುವುದು ಸಾಧ್ಯ. ನೀವು ರಂಗವನ್ನು ಹೇಗೆ ನೋಡುತ್ತೀರಿ ಎಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ.

ಇನ್ನು ಪೋರ್ಟ್‌ಫೋಲಿಯೊ, ಅಂದರೆ ನಿಮ್ಮ ಕೆಲಸದ ಕಡತ. ನಾನು ನೋಡಿರುವ ಕನ್ನಡದ ಹುಡುಗರ ಕಡತಗಳಲ್ಲಿ ಹೆಚ್ಚಿನವು ಆಲ್ಬಮ್ಮುಗಳೇ. ಮುಗಿದ ನಾಟಕದ ಬಣ್ಣದ ಫೋಟೊಗಳು, ಕೆಂಪು ಬೆಳಕಿನಲ್ಲಿ ನಿಂತ ನಟರು, ಕೊನೆಗೆ ಸನ್ಮಾನದ ಶಾಲು. ನೋಡಲು ಚೆನ್ನ. ಆದರೆ ಆ ಸೆಟ್ಟು ಹಾಗೇ ಯಾಕೆ ಆಯಿತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಕಲಿಸುವವರು ಹುಡುಕುವುದು ಆ ಉತ್ತರವನ್ನು. ಮೊದಲ ಓದಿನಲ್ಲಿ ಹೊಳೆದ ಗೀಚು, ಬಿಟ್ಟುಹಾಕಿದ ಎರಡು ಆಲೋಚನೆ, ಅಳತೆ ಹಾಕಿದ ಗ್ರೌಂಡ್ ಪ್ಲಾನು, ಆಮೇಲೆ ಫೋಟೊ, ಈ ಕ್ರಮದಲ್ಲಿ ಇಟ್ಟ ಒಂದೇ ಒಂದು ನಾಟಕ ಹತ್ತು ಆಲ್ಬಮ್ಮಿಗಿಂತ ಹೆಚ್ಚು ಹೇಳುತ್ತದೆ. ಗೀಚು ಸುಂದರವಾಗಿರಬೇಕಿಲ್ಲ. ಚಿತ್ರಕಲೆ ಕಲಿತವರಷ್ಟೇ ವಿನ್ಯಾಸಕರಾಗಬಲ್ಲರು ಎಂಬ ಅಳುಕು ಬೇಡ.

ಒಂದು ಉದಾಹರಣೆ ಕೊಡುತ್ತೇನೆ. ಗಿರೀಶ ಕಾರ್ನಾಡರ ‘ತುಘಲಕ್’ 1964ರ ನಾಟಕ, 13 ದೃಶ್ಯಗಳದ್ದು. ಅದರ ಕಟ್ಟಡಕ್ಕೆ ತಾವು ನೋಡಿ ಬೆಳೆದ ಕಂಪನಿ ನಾಟಕದ ಕ್ರಮವನ್ನೇ ತಳಪಾಯ ಮಾಡಿಕೊಂಡದ್ದನ್ನು ಕಾರ್ನಾಡರೇ ಹೇಳಿದ್ದಾರೆ. ಕಂಪನಿಯವರು ಒಂದು ದೃಶ್ಯವನ್ನು ಬೀದಿಯ ಪರದೆ ಇಳಿಬಿಟ್ಟು ಅದರ ಮುಂದಿನ ಕಿರಿದಾದ ಜಾಗದಲ್ಲಿ ಆಡಿಸುತ್ತಿದ್ದರು. ಪರದೆಯ ಹಿಂದೆ ಅಷ್ಟರಲ್ಲಿ ದರ್ಬಾರು ಸಿದ್ಧವಾಗುತ್ತಿತ್ತು. ಪರದೆ ಎದ್ದರೆ ರಾಜನ ಆಸ್ಥಾನ, ಬಿದ್ದರೆ ಮತ್ತೆ ಬೀದಿ, ಹಾಸ್ಯದವರ ಆಟ. ತುಘಲಕ್‌ನಲ್ಲೂ ಸುಲ್ತಾನನ ಆಳದ ದೃಶ್ಯಗಳೂ ಅಜೀಜ್, ಆಜಂ ಎಂಬ ಇಬ್ಬರು ವಂಚಕರ ಬೀದಿಯ ದೃಶ್ಯಗಳೂ ಹೀಗೆ ಹೆಣೆದುಕೊಂಡಿವೆ. ಈ ನಾಟಕವನ್ನು ನಿರ್ದೇಶಕ ಇಬ್ರಾಹಿಂ ಅಲ್ಕಾಜಿಯವರು 1970ರ ದಶಕದಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಮನೋಹರ್ ಸಿಂಗ್ ತುಘಲಕ್ ಆಗಿದ್ದರು. ಅಲ್ಲಿ ಎಳೆಯಲು ಪರದೆಯೇ ಇಲ್ಲ. ಇದ್ದದ್ದು ಕಲ್ಲು, ಮೆಟ್ಟಿಲು, ಆಕಾಶ, ದೂರ. ಒಂದೇ ಪಠ್ಯಕ್ಕೆ ಎರಡು ಬೇರೆ ಜಾಗಗಳು.

ನೀವು ಇದೇ ನಾಟಕವನ್ನು ಎತ್ತಿಕೊಂಡು ಮೂರನೆಯ ಜಾಗವೊಂದನ್ನು ಯೋಚಿಸಿ. ನಿಮ್ಮ ಊರಿನ ಎಪಿಎಂಸಿ ಅಂಗಳವಿರಬಹುದು, ಶಾಲೆಯ ಸಭಾಂಗಣವಿರಬಹುದು. ಗುಲಾಬಿ ತೋಟದಲ್ಲಿ ಖೋಟಾ ನಾಣ್ಯದ ರಾಶಿ ಬೀಳುವ ದೃಶ್ಯವನ್ನು ಹೇಗೆ ತೋರಿಸುತ್ತೀರಿ? ನಿಜವಾದ ಲೋಹದ ಚೂರು ಸುರಿದರೆ ಸದ್ದು ಬರುತ್ತದೆ, ನಟರ ಕಾಲಿಗೆ ಸಿಗುತ್ತದೆ, ಮುಂದಿನ ದೃಶ್ಯಕ್ಕೆ ಅದನ್ನು ಬಳಿಯುವವರಾರು? ಬೇಡವೆಂದರೆ ಬೆಳಕಿನಲ್ಲಿ ಮಾಡುತ್ತೀರೋ, ಬಟ್ಟೆಯಲ್ಲೋ? ಇಂಥ ಒಂದು ಪ್ರಶ್ನೆಗೆ ನಾಲ್ಕು ಪುಟದಲ್ಲಿ ಉತ್ತರ ಹುಡುಕಿದ ಕಡತ ಸಂದರ್ಶನದ ಮೇಜಿನ ಮೇಲೆ ತಾನೇ ಮಾತಾಡುತ್ತದೆ.

ಹಾಗೆಯೇ, ನಮ್ಮದನ್ನು ಬಚ್ಚಿಡಬೇಡಿ. ದೆಹಲಿಗೆ ಹೋಗುವವರು ಎಷ್ಟೋ ಮಂದಿ ಯಕ್ಷಗಾನದ ಮೇಳದಲ್ಲಿ ಚೌಕಿಯ, ಅಂದರೆ ಬಣ್ಣದ ಮನೆಯ, ಕೆಲಸ ಮಾಡಿದ್ದನ್ನು, ಜಾತ್ರೆಯ ನಾಟಕಕ್ಕೆ ಸೀನರಿ ಬಾಡಿಗೆ ತಂದು ಕಟ್ಟಿದ್ದನ್ನು ಹೇಳಲು ಹಿಂಜರಿಯುತ್ತಾರೆ. ವೇಷದ ಭಾರ ನಟನ ನಡಿಗೆಯನ್ನು ಹೇಗೆ ಬದಲಿಸುತ್ತದೆ ಎಂದು ಚೌಕಿಯಲ್ಲಿ ಕಂಡವರಿಗೆ ವಸ್ತ್ರವಿನ್ಯಾಸದ ಮೊದಲ ಪಾಠ ಆಗಿಹೋಗಿದೆ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಒಂದು ವರ್ಷ ಕಲಿತು ತಿರುಗಾಟ ಎಂಬ ಅದರ ಸಂಚಾರಿ ತಂಡದ ಜೊತೆ ಊರೂರು ಸುತ್ತಿದವರಿಗೆ, ಇವತ್ತು ದೊಡ್ಡ ವೇದಿಕೆ, ನಾಳೆ ಚಿಕ್ಕ ವೇದಿಕೆಗೆ ಒಂದೇ ಸೆಟ್ಟನ್ನು ಹೊಂದಿಸುವುದು ಕೈಗೆ ಬಂದಿರುತ್ತದೆ. ಒಂದು ಗಾಡಿಯಲ್ಲಿ ತುಂಬುವಂತೆ, ಕೆಲವೇ ಜನ ಬಿಚ್ಚಿ ಕಟ್ಟುವಂತೆ ಮಾಡುವುದು ದೊಡ್ಡ ವಿದ್ಯೆ. ಪದವಿ ಮುಗಿದ ಕೂಡಲೆ ದೆಹಲಿಗೆ ಓಡುವ ಬದಲು ಒಂದು ವರ್ಷ ಹೆಗ್ಗೋಡಿನಲ್ಲೋ ಸಾಣೇಹಳ್ಳಿಯಲ್ಲೋ ಮೈಸೂರಿನ ರಂಗಾಯಣದಲ್ಲೋ ಕಳೆದು ಹೋಗಿ ಎಂದೇ ನಾನು ಹೇಳುವುದು. ಆರು ನಾಟಕದ ಲೆಕ್ಕವೂ ಅಲ್ಲೇ ತುಂಬುತ್ತದೆ.

ಮಾಡೆಲ್ ಮಾಡಿಕೊಂಡು ಹೋಗಬೇಕೆ? ಮಾಡಿದರೆ ಒಳ್ಳೆಯದು, ಆದರೆ ಅಳತೆ ತಪ್ಪಬಾರದು. ರಂಗವಿನ್ಯಾಸದಲ್ಲಿ 1:25 ಮತ್ತು 1:50 ರೂಢಿಯ ಪ್ರಮಾಣ. 10 ಮೀಟರ್ ಅಗಲದ ವೇದಿಕೆ 1:25ರಲ್ಲಿ 40 ಸೆಂಟಿಮೀಟರ್ ಆಗುತ್ತದೆ, 1:50ರಲ್ಲಿ 20. ಅದೇ ಪ್ರಮಾಣದಲ್ಲಿ ಒಬ್ಬ ಮನುಷ್ಯನನ್ನು ರಟ್ಟಿನಲ್ಲಿ ಕತ್ತರಿಸಿ ನಿಲ್ಲಿಸಿ. ಆರಡಿಯ ಆಳು 1:25ರಲ್ಲಿ ಏಳು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅವನನ್ನು ನಿಲ್ಲಿಸಿದ ಕೂಡಲೇ ಬಾಗಿಲು ಗಿಡ್ಡವಾಯಿತೇ, ಮೆಟ್ಟಿಲು ಏರಲು ಆಗುತ್ತದೆಯೇ ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಆಮೇಲೆ ಮಾಡೆಲ್ಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಮೊದಲ ಸಾಲಿನ ತುದಿಯ ಕುರ್ಚಿಯಲ್ಲಿ ಕೂತವರಂತೆ ಓರೆಯಿಂದ ನೋಡಿ. ಅಲ್ಲಿಂದ ಸೈಡ್ ವಿಂಗಿನೊಳಗಿನ ಸ್ಟೂಲು, ಚಹಾದ ಲೋಟ ಕಂಡರೆ ವಿಂಗ್‌ಗಳ ಜಾಗ ಬದಲಿಸಬೇಕು.

ಕಾರ್ಯಾಗಾರಕ್ಕೆಂದು ದೆಹಲಿಗೆ ಬಂದಾಗ, ಅಥವಾ ಸೀಟು ಸಿಕ್ಕಿದ ಮೇಲೆ, ಈ ಊರಿನ ಪೇಟೆಗಳೂ ನಿಮ್ಮ ಪಾಠಶಾಲೆ. ಚಾವಡಿ ಬಜಾರಿನಲ್ಲಿ ಕಾಗದ, ರಟ್ಟು. ಕಿನಾರಿ ಬಜಾರಿನಲ್ಲಿ ಜರಿ, ಗೋಟಾ, ಕಿರೀಟಕ್ಕೆ ಬೇಕಾದ ಹೊಳಪೆಲ್ಲ. ಚಾಂದನಿ ಚೌಕದ ಭಾಗೀರಥ ಪ್ಯಾಲೇಸ್‌ನಲ್ಲಿ ವಿದ್ಯುತ್ ಸಾಮಾನು. ಕೀರ್ತಿ ನಗರದಲ್ಲಿ ಮರ, ಪ್ಲೈವುಡ್. ಬೆಂಗಳೂರಿನ ಚಿಕ್ಕಪೇಟೆ, ಎಸ್‌ಪಿ ರೋಡ್ ಸುತ್ತಿದವರಿಗೆ ಈ ಗಲ್ಲಿಗಳು ಬೇಗ ಅರ್ಥವಾಗುತ್ತವೆ. ಏನನ್ನೂ ಕೊಳ್ಳದಿದ್ದರೂ ಒಂದು ಮಧ್ಯಾಹ್ನ ಸುತ್ತಿಬನ್ನಿ.

ಭಾಷೆಯ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ತರಗತಿ, ತಾಲೀಮು, ಜಗಳ, ಎಲ್ಲ ಹೆಚ್ಚಾಗಿ ಹಿಂದಿಯಲ್ಲೇ ನಡೆಯುತ್ತವೆ. ಸಾಗರ, ಹಾವೇರಿ, ಮಂಡ್ಯದಿಂದ ಹೋದವರಿಗೆ ಮೊದಲ ಆರು ತಿಂಗಳು ಬಾಯಿ ಕಟ್ಟಿದಂತಾಗುತ್ತದೆ. ಹೊರಡುವ ಮೊದಲು ತಯಾರಿ ಮಾಡಿಕೊಳ್ಳಿ. ಮೋಹನ್ ರಾಕೇಶರ ‘ಆಷಾಢ ಕಾ ಏಕ್ ದಿನ್’, ಧರ್ಮವೀರ ಭಾರತಿಯವರ ‘ಅಂಧಾ ಯುಗ್’ ಈ ಎರಡನ್ನು ಮೂಲದಲ್ಲೇ ಗಟ್ಟಿಯಾಗಿ ಓದಿ, ಪದಕೋಶ ಪಕ್ಕದಲ್ಲಿರಲಿ. ನಿಮ್ಮ ಪೋರ್ಟ್‌ಫೋಲಿಯೊದ ಪ್ರತಿ ಪುಟವನ್ನೂ ಒಂದು ನಿಮಿಷದಲ್ಲಿ ಹಿಂದಿಯಲ್ಲಿ ವಿವರಿಸುವ ಅಭ್ಯಾಸ ಮಾಡಿ. ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ, ಸುಮ್ಮನೆ ಕೂತರೆ ಮಾತ್ರ ನಷ್ಟ. ಮನೆಯ ಮಾತು ಬೇಕೆನಿಸಿದಾಗ ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘ ಇದ್ದೇ ಇದೆ.

ಸೀಟು ಸಿಕ್ಕಿದವರಿಗೆ ಖರ್ಚಿನ ಭಯ ಕಡಿಮೆ. ವಿದ್ಯಾರ್ಥಿಗಳಿಗೆ ತಿಂಗಳ ವಿದ್ಯಾರ್ಥಿವೇತನವಿದೆ, ಹಾಸ್ಟೆಲ್ ಇದೆ. ಸಿಗದವರು, ಅಥವಾ ಬೇರೆ ಗುರುಗಳ ಬಳಿ ಕಲಿಯಲು ಬಯಸುವವರು, ಕೇಂದ್ರ ಸಂಸ್ಕೃತಿ ಸಚಿವಾಲಯವು ಯುವ ಕಲಾವಿದರಿಗೆ ಕೊಡುವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. 18ರಿಂದ 25 ವಯಸ್ಸಿನವರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ.

ದೆಹಲಿಯಲ್ಲಿ ಬೇರೆ ಬಾಗಿಲುಗಳೂ ಇವೆ, ಆದರೆ ಅವು ತೆರೆದುಕೊಳ್ಳುವುದು ಬೇರೆ ಕೋಣೆಗೆ. ಜೆಎನ್‌ಯುವಿನ ಕಲೆ ಮತ್ತು ಸೌಂದರ್ಯಶಾಸ್ತ್ರ ವಿಭಾಗದಲ್ಲಿಯೂ ಅಂಬೇಡ್ಕರ್ ವಿಶ್ವವಿದ್ಯಾಲಯದಲ್ಲಿಯೂ ರಂಗಭೂಮಿ, ಪ್ರದರ್ಶನ ಕಲೆಗಳ ಸ್ನಾತಕೋತ್ತರ ಓದಿದೆ. ಅಲ್ಲಿ ಒತ್ತು ಚಿಂತನೆಗೆ, ಇತಿಹಾಸಕ್ಕೆ. ಉಳಿ, ಸುತ್ತಿಗೆ ಹಿಡಿಯಬೇಕೆನ್ನುವವರು ಇದನ್ನು ಗಮನಿಸಿಯೇ ಅರ್ಜಿ ಹಾಕಬೇಕು. ವಿದೇಶದಲ್ಲಿ ವಿನ್ಯಾಸವನ್ನೇ ಸ್ನಾತಕೋತ್ತರ ವಿಷಯವಾಗಿ ಕಲಿಸುವ ಶಾಲೆಗಳಿವೆ. ಅಲ್ಲಿ ಸಾಮಾನ್ಯವಾಗಿ ಅಭಿನಯ ಕೇಳುವುದಿಲ್ಲ, ತೀರ್ಮಾನ ಹೆಚ್ಚಾಗಿ ಪೋರ್ಟ್‌ಫೋಲಿಯೊ ಮೇಲೆ. ಹಣಕ್ಕೆ ಇನ್‌ಲ್ಯಾಕ್ಸ್, ಚಾರ್ಲ್ಸ್ ವ್ಯಾಲೆಸ್ ಇಂಡಿಯಾ ಟ್ರಸ್ಟ್‌ಗಳ ನೆರವನ್ನು ಹುಡುಕಬಹುದು.

ಕೊನೆಗೆ ಪ್ರಯಾಣ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿಲೋಮೀಟರ್, ಎರಡು ರಾತ್ರಿ. ಅಂಟಿಸಿ ನಿಲ್ಲಿಸಿದ ಮಾಡೆಲ್ ಅಷ್ಟು ದೂರ ಉಳಿಯುವುದಿಲ್ಲ. ಗೋಡೆಗಳನ್ನು ಅಂಟಿಸದೆ ಸೀಳಿನಲ್ಲಿ ಕೂರುವಂತೆ ಮಾಡಿ, ಬಿಚ್ಚಿ ಚಪ್ಪಟೆಯಾಗಿ ಒಂದು ಡಬ್ಬಿಯಲ್ಲಿಡಿ. ಪ್ರತಿ ತುಂಡಿನ ಹಿಂದೆ ಪೆನ್ಸಿಲಿನಲ್ಲಿ ನಂಬರು ಬರೆದಿರಿ. ಡಬ್ಬಿ ಕೆಳಗಿನ ಬರ್ತಿನಡಿ ಹೋಗುವಷ್ಟೇ ಎತ್ತರವಿರಲಿ. ವಿಮಾನದಲ್ಲಿ ಹೋಗುವವರು ಕಟರ್ ಬ್ಲೇಡನ್ನು ಕೈಚೀಲದಲ್ಲಿ ಇಡಬಾರದು, ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಒಂದು ಸಣ್ಣ ಫೆವಿಕಾಲ್ ಡಬ್ಬಿ, ಉಕ್ಕಿನ ಅಳತೆಪಟ್ಟಿ, ನಾಲ್ಕು ಪಿನ್ನು ಜೊತೆಗಿರಲಿ. ಸಂದರ್ಶನದ ಬೆಳಿಗ್ಗೆ ಮಾಡೆಲ್ ಜೋಡಿಸಲು ಕಾಲು ಗಂಟೆ ಸಾಕಾಗುವಂತೆ ಮನೆಯಲ್ಲೇ ಮೂರು ನಾಲ್ಕು ಸಲ ಬಿಚ್ಚಿ ಕಟ್ಟಿ ನೋಡಿ.