ಬೆಟ್ಟದ ಬುಡದಲ್ಲಿ ಕೆಂಡದ ಅಡುಗೆ

ಕಳೆದ ಡಿಸೆಂಬರ್‌ನಲ್ಲಿ ನಾವು ಎಂಟು ಜನ ಗೆಳೆಯರು ಕಲ್ಲತ್ತಿಗಿರಿ ನೋಡಿಕೊಂಡು ಬರುವಾಗ, ಗೆಳೆಯನೊಬ್ಬನ ಮನೆಯ ಅಡಿಕೆ ತೋಟದಲ್ಲಿ ಕುಷ್ಕಾ ಮಾಡಲು ಇಳಿದೆವು. ಮೂರು ಕಲ್ಲಿಟ್ಟು, ಸಿಕ್ಕ ಸೌದೆಯನ್ನೆಲ್ಲ ತುಂಬಿ, ಜೋರಾಗಿ ಉರಿ ಎಬ್ಬಿಸಿದೆವು. ಅರ್ಧ ಗಂಟೆ ಬಿಟ್ಟು ಮುಚ್ಚಳ ತೆಗೆದರೆ ತಳವೆಲ್ಲ ಸೀದು ಕರಕಲು, ಮೇಲಿನ ಅಕ್ಕಿ ಇನ್ನೂ ಗಟ್ಟಿ. ಬಿಸ್ಕತ್ತು ತಿಂದು ಮನೆಗೆ ಬಂದೆವು. ಮದುವೆಗಳಿಗೆ ಬಿರಿಯಾನಿ ಮಾಡುವ ನಮ್ಮ ಚಾಚಾಗೆ ಇದನ್ನು ಹೇಳಿದಾಗ ಅವರು ನಕ್ಕು, "ನೀವು ಪಾತ್ರೆ ಇಟ್ಟಿದ್ದೇ ಬೇಗ ಆಯ್ತು ಬೇಟಾ. ಉರಿ ಇಳಿಯೋವರೆಗೆ ಕಾಯಬೇಕಿತ್ತು" ಎಂದರು. ಆಮೇಲೆ ಅವರ ಜೊತೆ ಕೂತು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಜಾಗದ ವಿಷಯ. ನಮ್ಮ ಲಿಂಗದಹಳ್ಳಿಯಿಂದ ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಕಡೆಗೆ ಹೋದರೆ ಸುತ್ತಲೂ ಕಾಡು. 1998ರಲ್ಲಿ ಹುಲಿ ಮೀಸಲು ಪ್ರದೇಶವಾದ ಭದ್ರಾ ಅಭಯಾರಣ್ಯವೂ ಇದೇ ಸೀಮೆಯಲ್ಲಿದೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು ಅಥವಾ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆಗಿಂತ ದೊಡ್ಡ ಕಾರಣವೂ ಇದೆ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರು ಕಾಳ್ಗಿಚ್ಚಿನ ನಡುವೆ ಸಿಕ್ಕಿಕೊಂಡು 20ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಬೆಟ್ಟಗಳ ಹುಲ್ಲೂ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಾಗೆಯೇ ಒಣಗಿರುತ್ತದೆ. ಆದ್ದರಿಂದ ಬೆಟ್ಟದ ಮೇಲೆ ಬುತ್ತಿ, ಬುಡಕ್ಕೆ ಬಂದ ಮೇಲೆ ಒಲೆ. ಪರಿಚಯದವರ ತೋಟದ ಕಣವೋ ಮನೆಯ ಅಂಗಳವೋ ಇದ್ದರೆ ಅವರನ್ನು ಕೇಳಿಕೊಂಡು ಅಲ್ಲಿ ಅಡುಗೆ ಮಾಡಿ. ಒಲೆಯ ಸುತ್ತ ನಾಲ್ಕೈದು ಹೆಜ್ಜೆ ದೂರದವರೆಗೆ ತರಗೆಲೆ ಗುಡಿಸಿ, ಎರಡು ಕೊಡ ನೀರು ಪಕ್ಕದಲ್ಲಿಟ್ಟುಕೊಂಡ ಮೇಲೆಯೇ ಕಡ್ಡಿ ಗೀರಿ.

ಇನ್ನು ಚಾಚಾ ಹೇಳಿದ ಮಾತಿನ ಅರ್ಥ. ಸೌದೆ ಕಾದಾಗ ಅದರಿಂದ ಅನಿಲಗಳು ಹೊರಬರುತ್ತವೆ. ಅವು ಹೊತ್ತಿಕೊಳ್ಳುವುದೇ ಉರಿ. ಅದು ಗಾಳಿ ಬೀಸಿದತ್ತ ವಾಲುವುದರಿಂದ ಪಾತ್ರೆಯ ಒಂದೇ ಪಕ್ಕ ಕಾಯುತ್ತದೆ. ಪೂರ್ತಿ ಸುಡದ ಇಂಗಾಲ ಮಸಿಯಾಗಿ ತಳಕ್ಕೆ ಹತ್ತುತ್ತದೆ. ಅನಿಲವೆಲ್ಲ ಹೋದ ಮೇಲೆ ಉಳಿಯುವುದು ಕೆಂಡ. ಅದರಲ್ಲಿ ಹೊಗೆ ಕಡಿಮೆ, ಶಾಖ ಸಮ. ನಾವು ಭೌತಶಾಸ್ತ್ರದಲ್ಲಿ ಓದುವ ವಿಕಿರಣ ಇಲ್ಲಿ ಕಣ್ಣೆದುರೇ ಕೆಲಸ ಮಾಡುತ್ತದೆ. ನೀರು ಕುದಿಸಲು ಉರಿ ಸಾಕು. ಅನ್ನ ಅರಳಲು ಕೆಂಡ ಬೇಕು. ಕೆಂಡದ ಮೇಲೆ ಒಂದು ಗೇಣು ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಎರಡು ಮೂರು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕಾದರೆ ಅದು ಸುಡುವ, ಹುರಿಯುವ ಕಾವು. ಐದಾರು ಎಣಿಸಲು ಆದರೆ ದಮ್‌ಗೆ ಸರಿ.

ಸೌದೆ ಮುರಿದಾಗ ಚಟ್ಟನೆ ಸದ್ದು ಬರಬೇಕು. ಬಾಗಿದರೆ ಅದು ಹಸಿ, ಹೊಗೆಯೇ ಗತಿ. ನಮ್ಮ ಕಡೆ ಒಣ ಅಡಿಕೆ ಸಿಪ್ಪೆ ಬೆಂಕಿ ಹೊತ್ತಿಸಲು ಒಳ್ಳೆಯದು. ತೆಂಗಿನ ಚಿಪ್ಪು ಮತ್ತು ಕಾಫಿ ಗಿಡದ ಗಟ್ಟಿ ಕಟ್ಟಿಗೆ ಒಳ್ಳೆಯ ಕೆಂಡ ಕೊಡುತ್ತವೆ. ಕಣಗಿಲೆ ಗಿಡ ವಿಷ. ಅದರ ಕಡ್ಡಿಯನ್ನು ಸೌದೆಗೂ ಬಳಸಬೇಡಿ, ಏನನ್ನಾದರೂ ಚುಚ್ಚಿ ಸುಡಲೂ ಬಳಸಬೇಡಿ. ಹಳ್ಳದ ಒದ್ದೆ ಕಲ್ಲನ್ನು ಒಲೆಗೆ ಇಡಬೇಡಿ. ಒಳಗಿನ ನೀರು ಆವಿಯಾಗಿ ಕಲ್ಲು ಸಿಡಿಯಬಹುದು. ಪಾತ್ರೆಯ ಹೊರಗೆ ಒದ್ದೆ ಬೂದಿ ಅಥವಾ ಮಣ್ಣು ಮೆತ್ತಿದರೆ ಮಸಿ ಸುಲಭವಾಗಿ ಹೋಗುತ್ತದೆ.

ಈಗ ಎಂಟು ಜನಕ್ಕೆ ಮೊಟ್ಟೆ ಕುಷ್ಕಾ. ಬೆಳಿಗ್ಗೆ ಕಟ್ಟಿಕೊಂಡ ಕೋಳಿ ನಡಿಗೆ ಮುಗಿಯುವಷ್ಟರಲ್ಲಿ ಕೆಡಬಹುದು, ಮೊಟ್ಟೆಗೆ ಆ ಚಿಂತೆಯಿಲ್ಲ. ಒಂದು ಕೆ.ಜಿ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ. ಉರಿ ಚೆನ್ನಾಗಿರುವಾಗಲೇ ಎಂಟು ಮೊಟ್ಟೆ ಬೇಯಿಸಿಕೊಳ್ಳಿ. ಉರಿ ಸ್ವಲ್ಪ ಇಳಿದ ಮೇಲೆ ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಚಕ್ಕೆ, ಲವಂಗ, ಏಲಕ್ಕಿ ಹಾಕಿ. ಹೆಚ್ಚಿದ ನಾಲ್ಕು ಈರುಳ್ಳಿಯನ್ನು ಕೆಂಪಗಾಗುವವರೆಗೆ ಹುರಿಯಿರಿ. ಮೂರು ಚಮಚ ಶುಂಠಿ-ಬೆಳ್ಳುಳ್ಳಿ ಪೇಸ್ಟ್, ಎಂಟು ಹಸಿಮೆಣಸಿನಕಾಯಿ, ನಾಲ್ಕು ಟೊಮೆಟೊ, ಪುದೀನ, ಕೊತ್ತಂಬರಿ, ಒಂದು ಲೋಟ ಮೊಸರು ಸೇರಿಸಿ ಎಣ್ಣೆ ಬಿಡುವವರೆಗೆ ಬಾಡಿಸಿ. ಒಂದು ಲೋಟ ಅಕ್ಕಿಗೆ ಎರಡು ಲೋಟಕ್ಕಿಂತ ಸ್ವಲ್ಪ ಕಡಿಮೆ ನೀರು, ರುಚಿಗೆ ಉಪ್ಪು. ನೀರು ಕುದಿದಾಗ ಅಕ್ಕಿ ಹಾಕಿ. ನೀರು ಇಂಗಿ ಅಕ್ಕಿಯ ಮಟ್ಟಕ್ಕೆ ಬಂದ ಕೂಡಲೇ ಉರಿಯುವ ಸೌದೆಯನ್ನೆಲ್ಲ ಹೊರಗೆಳೆದು ಆರಿಸಿ. ಅನ್ನದ ಮೇಲೆ ಮೊಟ್ಟೆ ಇಟ್ಟು, ಮುಚ್ಚಳದ ಅಂಚಿಗೆ ಕಲಸಿದ ಹಿಟ್ಟು ಮೆತ್ತಿ. ತಳದಲ್ಲಿ ತೆಳುವಾಗಿ ಕೆಂಡ ಹರಡಿ, ಮುಚ್ಚಳದ ಮೇಲೂ ಒಂದು ಸೌಟು ಕೆಂಡ ಹಾಕಿ. ಇಪ್ಪತ್ತು ನಿಮಿಷ ಮುಟ್ಟಬೇಡಿ. ಮೇಲಿನಿಂದಲೂ ಕಾವು ಬರುವುದರಿಂದ ತಳ ಸೀಯದೆ ಮೇಲಿನ ಅಕ್ಕಿಯೂ ಬೇಯುತ್ತದೆ. ನಾವು ಸೋತದ್ದು ಇಲ್ಲಿಯೇ.

ಬೆಟ್ಟದ ಮೇಲಿನ ಊರಿನಲ್ಲಿ ಉಳಿದುಕೊಂಡು ಅಡುಗೆ ಮಾಡುವವರಿಗೆ ಇನ್ನೊಂದು ಮಾತು. ಕೆಮ್ಮಣ್ಣುಗುಂಡಿ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾಯುಭಾರ ಕಡಿಮೆ, ಹಾಗಾಗಿ ನೀರು 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಕುಕ್ಕರ್ ಇಲ್ಲದಿದ್ದರೆ ಬೇಳೆ ಬಿಟ್ಟು, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು ಮಾಡಿ. ಚಳಿಯೆಂದು ಕೆಂಡವನ್ನು ಟೆಂಟಿನೊಳಗೋ ಬಾಗಿಲು ಮುಚ್ಚಿದ ಕೋಣೆಗೋ ಒಯ್ಯಬೇಡಿ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ; ಮಲಗಿದವರು ಏಳದೇ ಹೋಗಬಹುದು.

ಊಟವಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಬೂದಿ ಮುಚ್ಚಿದ ಕೆಂಡ ಗಂಟೆಗಟ್ಟಲೆ ಜೀವಂತವಾಗಿರುತ್ತದೆ. ಬರೀ ಮಣ್ಣು ಎಳೆದರೆ ಅದು ಅಡಗುತ್ತದೆಯೇ ಹೊರತು ಆರುವುದಿಲ್ಲ. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಆಮೇಲೆ ಅಂಗೈಯ ಹಿಂಬದಿಯನ್ನು ಹತ್ತಿರ ತಂದು ನೋಡಿ. ಬಿಸಿ ತಾಗಿದರೆ ಇನ್ನೊಂದು ಸಲ.

ಜನವರಿಯಲ್ಲಿ ಅದೇ ತೋಟದಲ್ಲಿ ಮತ್ತೆ ಮಾಡಿದೆವು. ಈ ಸಲ ಕುಷ್ಕಾದ ಪಾತ್ರೆ ಖಾಲಿಯಾಯಿತು. ತೋಟದ ಯಜಮಾನರಿಗೂ ಒಂದು ತಟ್ಟೆ ಕೊಟ್ಟೆವು. ಅವರು ತಿನ್ನುವ ಮೊದಲು ಒಲೆಯ ಬಳಿ ಹೋಗಿ ಬೂದಿ ಮುಟ್ಟಿ ನೋಡಿದರು. ತಣ್ಣಗಿತ್ತು. "ಮುಂದಿನ ಸಲವೂ ಇಲ್ಲಿಗೇ ಬನ್ನಿ" ಎಂದರು.