ಗಾಜಿನ ಮನೆಯ ಹೊರಗೆ ನಿಂತ ಕುಂಡಗಳು

ಲಾಲ್‌ಬಾಗಿನ ಜನವರಿ ಫಲಪುಷ್ಪ ಪ್ರದರ್ಶನವನ್ನು ಸಮಾಧಾನವಾಗಿ ನೋಡಬೇಕೆಂದರೆ ವಾರದ ನಡುವಿನ ದಿನ, ಬೆಳಗಿನ ಹೊತ್ತು ಹೋಗಬೇಕು. ಹನ್ನೊಂದು ಗಂಟೆ ದಾಟಿತೆಂದರೆ ಶಾಲೆ ಮಕ್ಕಳ ಸಾಲು ಶುರು. ಶನಿವಾರ, ಭಾನುವಾರವಂತೂ ಗಾಜಿನ ಮನೆಯೊಳಗೆ ನಿಂತು ನೋಡುವುದು ಆಗದ ಮಾತು. ಹಿಂದಿನವರು ತಳ್ಳಿದ ಕಡೆಗೆ ಹೆಜ್ಜೆ ಹಾಕುತ್ತ, ತಲೆಗಳ ಸಂದಿಯಲ್ಲಿ ಒಂದಿಷ್ಟು ಬಣ್ಣ ಕಂಡು ಹೊರಗೆ ಬರಬೇಕು, ಅಷ್ಟೆ. ಮೆಟ್ರೊ ಇಳಿದು ಪಶ್ಚಿಮ ದ್ವಾರದಿಂದ ನಾನು ಒಳಗೆ ಬಂದಾಗ ಮಾಲಿಗಳಿನ್ನೂ ಕುಂಡಗಳಿಗೆ ನೀರು ಹಾಕುತ್ತಿದ್ದರು. ಒಬ್ಬಾಕೆ ಪೆಟೂನಿಯಾ ಸಾಲಿನುದ್ದಕ್ಕೂ ಬಗ್ಗಿಕೊಂಡೇ ಹೋಗುತ್ತ, ಬಾಡಿದ ಹೂವನ್ನೆಲ್ಲ ಕಿತ್ತು ಚೀಲಕ್ಕೆ ತುಂಬುತ್ತಿದ್ದರು.

ಗಾಜಿನ ಮನೆಯ ನಡುವೆ ಎದ್ದು ನಿಲ್ಲುವ ಹೂವಿನ ಮಾದರಿಗಾಗಿ ನಾನು ಬಂದಿರಲಿಲ್ಲ. ಅದನ್ನು ಊರಿಗೆ ಊರೇ ನೋಡುತ್ತದೆ, ಎಲ್ಲ ಪತ್ರಿಕೆಗಳಲ್ಲೂ ಅದರ ಚಿತ್ರ ಬರುತ್ತದೆ. ಆದರೆ ಈ ಪ್ರದರ್ಶನವನ್ನು ತೋಟಗಾರಿಕೆ ಇಲಾಖೆಯ ಜೊತೆಗೂಡಿ ನಡೆಸುವ ಇನ್ನೊಂದು ಸಂಸ್ಥೆ ಇದೆ: ಮೈಸೂರು ಉದ್ಯಾನಕಲಾ ಸಂಘ. ಫಲಕಗಳ ಮೇಲೆ ಇಲಾಖೆಯ ಹೆಸರಿನ ಪಕ್ಕದಲ್ಲೇ ಅದರ ಹೆಸರೂ ಇರುತ್ತದೆ, ನಿಂತು ಓದುವವರು ಕಡಿಮೆ. ಮನೆಯ ತಾರಸಿಯಲ್ಲಿ, ಎರಡಡಿ ಅಗಲದ ಬಾಲ್ಕನಿಯಲ್ಲಿ ಗಿಡ ಬೆಳೆಸುವವರನ್ನು ಈ ಸಂಘ ಲಾಲ್‌ಬಾಗಿಗೆ ಹೇಗೆ ಕರೆತರುತ್ತದೆ ಎನ್ನುವುದನ್ನು ನೋಡಬೇಕಿತ್ತು.

ಹಾಗಂತ ಗಾಜಿನ ಮನೆಯನ್ನು ಹಾಗೇ ದಾಟಿ ಹೋಗಲೂ ಆಗದು. 1889ರ ನವೆಂಬರ್ 30ರಂದು ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ ಕಟ್ಟಡ ಇದು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ಮನಸ್ಸಿನಲ್ಲಿಟ್ಟುಕೊಂಡು ಆಗಿನ ಸೂಪರಿಂಟೆಂಡೆಂಟ್ ಜಾನ್ ಕ್ಯಾಮರಾನ್ ಅವರ ಕಾಲದಲ್ಲಿ ಕಟ್ಟಿದ್ದು. ಮುಂದೆ 1935ರಲ್ಲಿ ಭದ್ರಾವತಿಯ ಕಬ್ಬಿಣ ಬಳಸಿ ಇದನ್ನು ವಿಸ್ತರಿಸಿದರು. ಯುರೋಪಿನಲ್ಲಿ ಗಾಜಿನ ಮನೆ ಕಟ್ಟುವುದು ಗಿಡವನ್ನು ಚಳಿಯಿಂದ ಕಾಯಲಿಕ್ಕೆ. ಬೆಂಗಳೂರಿನ ಹವೆಯಲ್ಲಿ ಗಿಡಕ್ಕೆ ಅಂಥ ಆಸರೆ ಬೇಕಿರಲಿಲ್ಲ. ಇಲ್ಲಿ ಇದನ್ನು ಕಟ್ಟಿದ್ದು ಪ್ರದರ್ಶನಕ್ಕಾಗಿಯೇ, ಬೆಳೆದವರು ತಂದಿಡಲಿಕ್ಕೆ, ಉಳಿದವರು ಬಂದು ನೋಡಲಿಕ್ಕೆ. ಕಟ್ಟಡದ ಉದ್ದೇಶವೇ ಅದಾದ್ದರಿಂದ, ಇದರ ನಡುವಿನ ಜಾಗದಲ್ಲಿ ಏನಿದೆ ಎನ್ನುವುದಕ್ಕಿಂತ ಇದರ ಸುತ್ತ ಯಾರು ಏನು ತಂದಿಟ್ಟಿದ್ದಾರೆ ಎನ್ನುವುದು ನನಗೆ ಮುಖ್ಯ ಅನ್ನಿಸುತ್ತದೆ.

ಸಂಘ ಹುಟ್ಟಿದ್ದು 1912ರಲ್ಲಿ. ಹುಟ್ಟುಹಾಕಿದವರು ಜಿ.ಎಚ್. ಕೃಂಬಿಗಲ್. ಜರ್ಮನಿಯ ಡ್ರೆಸ್ಡನ್ ಬಳಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಮಹಾರಾಜರ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಲಾಲ್‌ಬಾಗಿಗೆ ಬಂದವರು. ಒಂದು ಬೀದಿಯ ಮರ ಹೂಬಿಟ್ಟು ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯದು ಅರಳಬೇಕು ಎಂದು ಲೆಕ್ಕ ಹಾಕಿ ಬೆಂಗಳೂರಿನಲ್ಲಿ ಸಾಲುಮರ ನೆಡಿಸಿದವರು ಅಂತಲೇ ಅವರನ್ನು ಈಗಲೂ ನೆನೆಯುತ್ತೇವೆ. ನಿವೃತ್ತರಾದ ಮೇಲೂ ಇದೇ ಊರಿನಲ್ಲಿ ನೆಲೆಸಿ, 1956ರಲ್ಲಿ ಇಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಸರ್ಕಾರಿ ತೋಟದ ಮುಖ್ಯಸ್ಥರಾಗಿದ್ದವರು ಜನರದ್ದೇ ಆದ ಸಂಘವೊಂದನ್ನು ಏಕೆ ಕಟ್ಟಿದರು ಎಂದು ಕೇಳಿಕೊಂಡರೆ ನನಗೆ ತೋಚುವ ಉತ್ತರ ಸರಳ. ಸಾಲುಮರ ನೆಡುವುದು ಸರ್ಕಾರಕ್ಕೆ ಸಾಧ್ಯ, ಕಾಂಪೌಂಡಿನ ಒಳಗಿನ ಪಾತಿ ಮನೆಯವರ ಕೈಯಲ್ಲಿದೆ. ಇಂಥ ಯತ್ನ ಲಾಲ್‌ಬಾಗಿಗೆ ಹೊಸದೂ ಆಗಿರಲಿಲ್ಲ. 1836ರಲ್ಲೇ ಇಲ್ಲಿ ಕೃಷಿ-ತೋಟಗಾರಿಕೆ ಸಂಘವೊಂದು ಹುಟ್ಟಿ, ತೋಟದ ಆಡಳಿತವನ್ನೇ ಕೈಗೆ ತೆಗೆದುಕೊಂಡಿತ್ತು, ಕೆಲವೇ ವರ್ಷಗಳಲ್ಲಿ ಮುಚ್ಚಿಯೂ ಹೋಗಿತ್ತು. ಕೃಂಬಿಗಲ್ ಕಟ್ಟಿದ್ದು ಮಾತ್ರ ನೂರು ವರ್ಷ ದಾಟಿ ಬಾಳಿದೆ. ಜನವರಿಯಲ್ಲೊಂದು ಗಣರಾಜ್ಯೋತ್ಸವದ ಪ್ರದರ್ಶನ, ಆಗಸ್ಟಿನಲ್ಲೊಂದು ಸ್ವಾತಂತ್ರ್ಯೋತ್ಸವದ ಪ್ರದರ್ಶನ, ಅವೆರಡರ ನಡುವೆ ಸ್ಪರ್ಧೆಗಳ ಸಿದ್ಧತೆ. ವರ್ಷವಿಡೀ ಕೈತುಂಬ ಕೆಲಸ.

ಹೊರಗಿನ ಸ್ಪರ್ಧೆಯ ಸಾಲಿಗೆ ಬಂದೆ. ದೊಡ್ಡ ಸಂಸ್ಥೆಗಳ ಉದ್ಯಾನ ವಿಭಾಗದವರು ಜೋಡಿಸಿದ ಕುಂಡಗಳ ಗುಂಪು ದೂರದಿಂದಲೇ ಗೊತ್ತಾಗುತ್ತದೆ. ಒಂದೇ ಎತ್ತರ, ಒಂದೇ ದಿನ ಅರಳಿದ ಹೂ, ಕುಂಡಕ್ಕೆಲ್ಲ ಒಂದೇ ಕಾವಿ ಬಣ್ಣ. ಅಲ್ಲಿ ಸಂಬಳದ ಮಾಲಿಗಳಿದ್ದಾರೆ, ಸಸಿಮಡಿಗೆ ಜಾಗವಿದೆ. ಅದೂ ಸಣ್ಣ ಕೆಲಸವೇನಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತಿದ ಸಾಲ್ವಿಯಾ, ಫ್ಲಾಕ್ಸ್, ಡಯಾಂಥಸ್ ಎಲ್ಲವನ್ನೂ ಜನವರಿಯ ಮೂರನೇ ವಾರಕ್ಕೆ ಸರಿಯಾಗಿ ಹೂವಿಗೆ ತರಬೇಕಾದರೆ ಹವೆಯನ್ನು ದಿನದಿನವೂ ಗಮನಿಸಬೇಕು. ಡಿಸೆಂಬರಿನಲ್ಲಿ ಒಂದು ವಾರ ಮೋಡ ಮುಸುಕಿದರೆ ಲೆಕ್ಕವೆಲ್ಲ ಹಿಂದೆ ಬೀಳುತ್ತದೆ.

ನನ್ನ ಕಾಲು ನಿಂತದ್ದು ಮನೆಯವರು ತಂದ ಕುಂಡಗಳ ಮುಂದೆ. ಇಲ್ಲಿ ಯಾವ ಎರಡೂ ಒಂದೇ ಥರ ಇಲ್ಲ. ಹಳದಿ ಸೇವಂತಿಗೆಯ ಒಂದು ಕುಂಡ, ಎಲೆಯೇ ಕಾಣದಷ್ಟು ಹೂ. ಪಕ್ಕದಲ್ಲಿ ನಿಂತಿದ್ದ ಹಿರಿಯ ಹೆಂಗಸನ್ನು, "ಇದು ನಿಮ್ಮದೇನಮ್ಮ?" ಎಂದೆ.

"ಹೌದು ಕಣಪ್ಪ. ಆಷಾಢದಲ್ಲಿ ಕಡ್ಡಿ ನೆಟ್ಟಿದ್ದು. ಎರಡು ಸಲ ಕುಡಿ ಚಿವುಟಿದೀನಿ, ಅದಕ್ಕೇ ಇಷ್ಟು ಕವಲು ಒಡೆದಿರೋದು. ಆದರೆ ಹೂವು ಬರಿಸೋದಕ್ಕೆ ನಾನು ಪಟ್ಟ ಪಾಡು ನಿನಗೆ ಗೊತ್ತಿಲ್ಲ."

ಆ ಪಾಡು ಕೇಳಬೇಕಾದದ್ದೇ. ಹಿಂದಿನ ವರ್ಷ ಅವರ ಸೇವಂತಿಗೆ ಗಿಡ ಹುಲುಸಾಗಿ ಬೆಳೆಯಿತಂತೆ, ಮೊಗ್ಗು ಮಾತ್ರ ಇಲ್ಲ. ಗೊಬ್ಬರ ಬದಲಾಯಿಸಿದರು, ಬೇವಿನ ಹಿಂಡಿ ಹಾಕಿದರು, ಏನೂ ಆಗಲಿಲ್ಲ. ಕೊನೆಗೆ ಪ್ರದರ್ಶನಕ್ಕೆ ಕುಂಡ ತಂದಿದ್ದ ಇನ್ನೊಬ್ಬರು ಕೇಳಿದರಂತೆ, ನಿಮ್ಮ ತಾರಸಿಗೆ ಬೀದಿ ದೀಪದ ಬೆಳಕು ಬೀಳುತ್ತದೆಯೇ ಎಂದು. ಸೇವಂತಿಗೆಗೆ ಮೊಗ್ಗು ಕಟ್ಟಲು ಉದ್ದನೆಯ ಕತ್ತಲೆ ಬೇಕು. ಹಗಲು ಚಿಕ್ಕದಾಗಿ ರಾತ್ರಿ ಬೆಳೆದಾಗಲೇ ಅದು ಹೂವಿನ ಕಡೆ ತಿರುಗುವುದು. ರಾತ್ರಿಯಿಡೀ ದೀಪ ಉರಿದರೆ ಗಿಡ ಬರೀ ಎಲೆ ಬಿಡುತ್ತಲೇ ಇರುತ್ತದೆ. ಈ ಸಲ ದಸರೆಯ ಹೊತ್ತಿಗೆ ಅವರು ಕುಂಡವನ್ನು ನೀರಿನ ಟ್ಯಾಂಕಿನ ಹಿಂದೆ, ದೀಪ ತಾಗದ ಕಡೆ ಸರಿಸಿದರು. ಅದರ ಫಲ ನನ್ನ ಕಣ್ಣ ಮುಂದೆ ಇತ್ತು.

ಪುಸ್ತಕದಲ್ಲಿ ಈ ವಿಷಯ ಇಲ್ಲದೆ ಇಲ್ಲ. ಆದರೆ ನಿಮ್ಮ ಬೀದಿ ದೀಪ, ನಿಮ್ಮ ನೀರಿನ ಟ್ಯಾಂಕು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಇನ್ನೊಬ್ಬ ತೋಟಗಾರ ಎದುರು ನಿಂತು ಕೇಳಿದಾಗಲೇ ಅದು ಹೊಳೆಯುವುದು. ಉದ್ಯಾನ ಸಂಘವೊಂದರ ನಿಜವಾದ ಕೆಲಸ ಈ ಮಾತುಕತೆಗೆ ಜಾಗ ಮಾಡಿಕೊಡುವುದು. ಬಹುಮಾನದ ಕಪ್ಪು ಅದಕ್ಕೊಂದು ನೆಪ.

ಕುಂಡ ಹೊತ್ತು ತರಲು ಆಗದವರ ಮನೆಗೆ ಸಂಘವೇ ಹೋಗುತ್ತದೆ. ಪ್ರದರ್ಶನಕ್ಕೆ ಮೊದಲು ಉದ್ಯಾನ ಸ್ಪರ್ಧೆಗೆ ಅರ್ಜಿ ಕರೆಯುತ್ತಾರೆ. ಮನೆಯಂಗಳದ ಅಲಂಕಾರಿಕ ತೋಟ, ತರಕಾರಿ ಕೈತೋಟ, ತಾರಸಿ ತೋಟ, ಕಚೇರಿ-ಕಾರ್ಖಾನೆಗಳ ಉದ್ಯಾನ ಹೀಗೆ ಬೇರೆ ಬೇರೆ ವಿಭಾಗ. ತೀರ್ಪುಗಾರರು ಊರು ಸುತ್ತಿ ತೋಟ ತೋಟಕ್ಕೂ ಹೋಗಿ ನೋಡುತ್ತಾರೆ. ತೀರ್ಪುಗಾರರು ಬರುತ್ತಾರೆಂದರೆ ಮನೆಯವರೆಲ್ಲ ಕೈಜೋಡಿಸುತ್ತಾರೆ, ಒಣಗಿದ ಎಲೆ ಆರಿಸುತ್ತಾರೆ, ಒಡೆದ ಕುಂಡ ಬದಲಾಯಿಸುತ್ತಾರೆ. ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ ಏನು ನಡೆದಿದೆ ಎಂದು ಕೇಳುತ್ತಾರೆ. ಒಂದು ಬೀದಿಯಲ್ಲಿ ಒಬ್ಬರಿಗೆ ಬಹುಮಾನ ಬಂದರೆ ಮರುವರ್ಷ ಅದೇ ಬೀದಿಯಿಂದ ಇನ್ನೊಂದು ಅರ್ಜಿ ಹೋಗುವುದು ಸಹಜ.

ಅಲ್ಲಿಂದ ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನದ ಕಡೆ ನಡೆದೆ. ತೋಟಗಾರಿಕೆಯನ್ನು ಲಾಲ್‌ಬಾಗಿನ ಬೇಲಿ ದಾಟಿಸಿ ರಾಜ್ಯದ ಜಿಲ್ಲೆ ಜಿಲ್ಲೆಗೆ ಒಯ್ದವರು ಮರಿಗೌಡರು. ಬೆಂಗಳೂರಿನ ಮೂಲೆ ಮೂಲೆಯಲ್ಲಿ ಕಾಣುವ ಹಾಪ್‌ಕಾಮ್ಸ್ ಹಣ್ಣು-ತರಕಾರಿ ಮಳಿಗೆಗಳ ಮೂಲವಾದ, 1959ರಲ್ಲಿ ಹುಟ್ಟಿದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘದ ಹಿಂದೆಯೂ ಇದ್ದವರು ಅವರೇ. ಅವರ ಹೆಸರಿನ ಭವನದಲ್ಲಿ ಇಕೆಬಾನ ಎಂಬ ಜಪಾನಿ ಹೂಜೋಡಣೆ, ಬೋನ್ಸಾಯ್, ತರಕಾರಿ ಕೆತ್ತನೆ, ಪುಷ್ಪಭಾರತಿ, ಜಾನೂರ್ ಸ್ಪರ್ಧೆಗಳು ನಡೆಯುತ್ತವೆ. ಇಲ್ಲಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು. ಗಾಜಿನ ಮನೆಯ ಗದ್ದಲ ಇಲ್ಲಿಲ್ಲ, ಕತ್ತರಿಯ ಸದ್ದು ಕೇಳಿಸುತ್ತದೆ.

ಜಾನೂರ್ ಎಂದರೆ ಇಂಡೋನೇಷ್ಯಾದ ಕಲೆ, ತೆಂಗಿನ ಎಳೆಗರಿಯನ್ನು ಸೀಳಿ, ಮಡಚಿ, ಹೆಣೆದು ಮಾಡುವ ಅಲಂಕಾರ. ಅದನ್ನು ನೋಡುತ್ತ ನನಗೆ ಕರಾವಳಿಯ ನೆನಪು ಬಂತು. ಭೂತಕೋಲದಲ್ಲಿ ತೆಂಗಿನ ತಿರಿಯನ್ನು ಸೀಳಿ ನೇಮದವರ ಸೊಂಟಕ್ಕೆ ಕಟ್ಟುವ ಉಡುಪು ಸಿದ್ಧಪಡಿಸುವ ಕೈಗಳಿಗೆ ಜಾನೂರ್ ಕಲಿಸಬೇಕಾಗಿಯೇ ಇಲ್ಲ. ಮದುವೆಯ ಚಪ್ಪರಕ್ಕೆ ಗರಿ ಹೆಣೆಯುವವರು ಬಯಲುಸೀಮೆಯಲ್ಲೂ ಇದ್ದಾರೆ. ಅವರನ್ನು ಕರೆಸಿ, ಜಾನೂರ್ ಪಕ್ಕದಲ್ಲೇ ನಮ್ಮ ತಿರಿ ಕೆಲಸಕ್ಕೂ ಒಂದು ವಿಭಾಗ ಇಟ್ಟರೆ ಎಷ್ಟು ಚೆನ್ನ! ಹೂಮಾಲೆ, ತೋರಣ, ಹೂವಿನ ರಂಗೋಲಿಗಳಿಗೆ ಪುಷ್ಪಭಾರತಿಯಲ್ಲಿ ಈಗಾಗಲೇ ಜಾಗ ಇದ್ದೇ ಇದೆ. ಇದು ಅದರ ಮುಂದಿನ ಹೆಜ್ಜೆ.

ಇಕೆಬಾನದ ಮೇಜಿನ ಮುಂದೆ ಇನ್ನೊಂದು ಯೋಚನೆ ಬಂತು. ಇಲ್ಲಿ ಹೂವಿನ ಕಡ್ಡಿಯನ್ನು ನಿಲ್ಲಿಸುವುದು ಕೆನ್ಜಾನ್ ಎಂಬ ಲೋಹದ ಮುಳ್ಳುಬಿಲ್ಲೆಯ ಮೇಲೆ. ತೊಳೆದಿಟ್ಟರೆ ಅದು ಒಂದು ತಲೆಮಾರು ಬಾಳುತ್ತದೆ. ದೊಡ್ಡ ಹೂವಿನ ಅಲಂಕಾರಗಳಲ್ಲಿ ಹೂ ಚುಚ್ಚಲು ಬಳಸುವ ಹಸಿರು ಫೋಮ್ ಹಾಗಲ್ಲ. ಒಮ್ಮೆ ಚುಚ್ಚಿದರೆ ಮುಗಿಯಿತು, ಮಣ್ಣಿನಲ್ಲಿ ಕರಗುವುದೂ ಇಲ್ಲ, ಪುಡಿಯಾಗಿ ಪ್ಲಾಸ್ಟಿಕ್ ಕಣವಾಗಿ ಉಳಿಯುತ್ತದೆ. 2017ರ ಆಗಸ್ಟಿನಲ್ಲಿ ಕುವೆಂಪು ಅವರ ಕವಿಮನೆ, 2022ರ ಆಗಸ್ಟಿನಲ್ಲಿ ರಾಜ್‌ಕುಮಾರ್ ಮತ್ತು ಪುನೀತ್, 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ ಹೀಗೆ ಗಾಜಿನ ಮನೆಯ ಮಾದರಿಗಳಲ್ಲಿ ನಾಡಿನ ದೊಡ್ಡವರನ್ನು ಹೂವಿನಲ್ಲಿ ನೆನೆದಿದ್ದೇವೆ. ಆ ಗೌರವ ಹೀಗೆಯೇ ಮುಂದುವರಿಯಲಿ. ಆದರೆ ಕಿತ್ತ ಹೂವು ಕೆಲವೇ ದಿನಗಳಲ್ಲಿ ಬಾಡುತ್ತದೆ, ಪ್ರದರ್ಶನದ ನಡುವೆಯೇ ಬದಲಾಯಿಸಬೇಕಾಗುತ್ತದೆ. ಬೇರಿರುವ ಗಿಡಗಳನ್ನೇ ಜೋಡಿಸಿ ಮಾಡಿದ ಮಾದರಿ ಪ್ರದರ್ಶನ ಮುಗಿದ ಮೇಲೂ ಬದುಕುತ್ತದೆ. ಅದನ್ನು ಶಾಲೆಗಳಿಗೆ ಹಂಚಬಹುದು.

ತರಕಾರಿ ವಿಭಾಗದಲ್ಲಿ ಸೀಮೆಬದನೆ ಕಂಡು ನಿಂತೆ. ನಮ್ಮ ಸಾಂಬಾರಿಗೆ, ಪಲ್ಯಕ್ಕೆ ಇಷ್ಟು ಒಗ್ಗಿಹೋದ ಈ ಕಾಯಿ ಅಮೆರಿಕ ಖಂಡದ್ದು. ಇದನ್ನು ಬೆಂಗಳೂರಿಗೆ ಪರಿಚಯಿಸಿದ ಹೆಗ್ಗಳಿಕೆ ಗಾಜಿನ ಮನೆಯ ಕ್ಯಾಮರಾನ್ ಅವರಿಗೇ ಸಲ್ಲುತ್ತದೆ. ನೆರೆಯ ತಮಿಳುನಾಡಿನಲ್ಲಿ ಇದನ್ನು ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ. ಒಂದು ಉದ್ಯಾನದಿಂದ ಹೊರಟ ಬಳ್ಳಿ ಅಂಗಳದಿಂದ ಅಂಗಳಕ್ಕೆ ಹಬ್ಬಿದ್ದು ಹೀಗೆ.

ಈಗ ಅಂಗಳ ಮಾಯವಾಗಿ ತಾರಸಿ ಉಳಿದಿದೆ. ಬೆಂಗಳೂರಿನಲ್ಲಿ ತಾರಸಿ ತೋಟವನ್ನು ಚಳವಳಿಯಾಗಿ ಬೆಳೆಸಿದವರಲ್ಲಿ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸಿದ ಡಾ. ಬಿ.ಎನ್. ವಿಶ್ವನಾಥ್ ಅವರ ಹೆಸರು ಮೊದಲು ಬರುತ್ತದೆ. ಗಾರ್ಡನ್ ಸಿಟಿ ಫಾರ್ಮರ್ಸ್ ಟ್ರಸ್ಟ್ ನಡೆಸುವ 'ಊಟ ಫ್ರಮ್ ಯುವರ್ ತೋಟ' ಸಂತೆಗಳಲ್ಲಿ ಬೀಜ, ಸಸಿ, ಗೊಬ್ಬರದ ಜೊತೆ ಅನುಭವವೂ ಕೈ ಬದಲಾಗುತ್ತದೆ. ಸಂಘದ ಸ್ಪರ್ಧೆಯಲ್ಲಿ ತಾರಸಿ ತೋಟಕ್ಕೆ ವಿಭಾಗ ಇರುವುದು ಈ ಬದಲಾವಣೆಯ ಗುರುತು. ತಾರಸಿಯಲ್ಲಿ ಮೊದಲ ಪ್ರಶ್ನೆ ಭಾರದ್ದು. ಬರೀ ಕೆಮ್ಮಣ್ಣು ತುಂಬಿದರೆ ನೀರು ಹಾಕಿದಾಗ ಕುಂಡ ಎತ್ತಲೂ ಆಗದು, ಮೇಲ್ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದು. ಅದಕ್ಕೇ ಕೆಮ್ಮಣ್ಣು, ಎರೆಗೊಬ್ಬರ, ಕೊಕೊಪೀಟ್ ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸುತ್ತಾರೆ. ಹಿಟ್ಟುತಿಗಣೆ ಕಂಡರೆ ಮೊದಲು ನೀರು ರಭಸವಾಗಿ ಎರಚಿ ತೊಳೆಯುವುದು, ಆಮೇಲೆ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸುವುದು. ಇದನ್ನೆಲ್ಲ ಇಲ್ಲಿ ಅಪರಿಚಿತರೊಬ್ಬರು ಇನ್ನೊಬ್ಬ ಅಪರಿಚಿತರಿಗೆ ನಿಂತಲ್ಲೇ ಹೇಳಿಕೊಡುತ್ತಾರೆ, ಫೋನ್ ನಂಬರು ಬರೆದುಕೊಡುತ್ತಾರೆ.

ಒಂದು ಕೊರತೆ ಮಾತ್ರ ಕಣ್ಣಿಗೆ ಬಿತ್ತು. ಬಹುಮಾನ ಬಂದ ಕುಂಡದ ಮೇಲೆ ಬಹುಮಾನದ ಚೀಟಿ ಇತ್ತು, ಬೆಳೆದ ಬಗೆ ಎಲ್ಲೂ ಇರಲಿಲ್ಲ. ಯಾವಾಗ ಬಿತ್ತಿದ್ದು, ಮಣ್ಣಿಗೆ ಏನು ಬೆರೆಸಿದ್ದು, ಎಷ್ಟು ಹೊತ್ತು ಬಿಸಿಲು, ಯಾವ ರೋಗ ಬಂದಿತ್ತು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದು ಪಕ್ಕದಲ್ಲಿ ನಿಲ್ಲಿಸಿದರೆ ಲಕ್ಷಾಂತರ ಜನ ಬಂದು ಹೋಗುವ ಈ ಪ್ರದರ್ಶನ ಒಂದು ದೊಡ್ಡ ಪಾಠಶಾಲೆಯೂ ಆಗುತ್ತದೆ. ಆ ಹಿರಿಯ ಹೆಂಗಸು ಕುಂಡದ ಪಕ್ಕದಲ್ಲಿ ದಿನವಿಡೀ ನಿಂತಿರಲು ಸಾಧ್ಯವಿಲ್ಲವಲ್ಲ. ಬೀದಿ ದೀಪದ ವಿಷಯ ಅವರ ನಂತರ ಬಂದವರಿಗೂ ತಿಳಿಯಬೇಕು.

ಆಗಸ್ಟಿನ ಪ್ರದರ್ಶನಕ್ಕೆ ಕುಂಡ ಇಡಬೇಕೆನ್ನುವ ಆಸೆ ಇದ್ದವರಿಗೆ: ಜಿನಿಯಾ, ಕರ್ಣಕುಂಡಲ, ಕೋಳಿಜುಟ್ಟುಗಳನ್ನು ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದೊಳಗೆ ಬಿತ್ತಬೇಕು. ನಾಲ್ಕೈದು ಎಲೆ ಬಂದ ಮೇಲೆ ಕುಂಡಕ್ಕೆ ಬದಲಾಯಿಸಿ, ಮುಂಗಾರಿನ ನೀರು ನಿಲ್ಲದಂತೆ ತಳದ ತೂತು ನೋಡಿಕೊಳ್ಳಬೇಕು. ಮನೆಗೆ ಬಂದು ನೋಡುವ ಸ್ಪರ್ಧೆಗೆ ಸೇರುವುದಾದರೆ ಜುಲೈಯಲ್ಲೇ ಲಾಲ್‌ಬಾಗಿಗೆ ಹೋಗಿ ಸಂಘದಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.