ದೀಪವಿಲ್ಲದ ಊರು

ನಮ್ಮ ಕಂದಾಯದ ಕಡತಗಳಲ್ಲಿ ‘ಬೇಚರಾಕ್’ ಎಂಬ ಮಾತೊಂದುಂಟು. ಪಾರಸಿಯಿಂದ ಬಂದ ಈ ಪದಕ್ಕೆ ‘ದೀಪವಿಲ್ಲದ್ದು’ ಎಂದರ್ಥ. ಹೆಸರುಂಟು, ಎಲ್ಲೆಯುಂಟು, ಆದರೆ ಸಂಜೆ ದೀಪ ಹಚ್ಚುವವರಿಲ್ಲ. ಅಂಥದು ಬೇಚರಾಕ್ ಗ್ರಾಮ. ಇಂಗ್ಲೆಂಡಿನಲ್ಲಿಯೂ ಮಧ್ಯಯುಗದ ಇಂಥ ಹಾಳೂರುಗಳು 3,000ಕ್ಕೂ ಹೆಚ್ಚು. ಅವುಗಳಲ್ಲಿ ಪ್ರಸಿದ್ಧವಾದುದು ಯಾರ್ಕ್‌ಷೈರ್ ಪ್ರಾಂತದ ವಾರಂ ಪರ್ಸಿ.

ಅಲ್ಲಿ ಇಂದು ಕಾಣುವುದು ಹುಲ್ಲು ಹೊದೆದ ಇಳಿಜಾರು, ಗೋಪುರ ಅರ್ಧ ಕುಸಿದ ಒಂದು ಚರ್ಚು. ಓರೆಬಿಸಿಲು ಬಿದ್ದಾಗ ಮಾತ್ರ ಹುಲ್ಲಿನಡಿಯ ಉಬ್ಬುತಗ್ಗುಗಳು ನೆರಳು ಚೆಲ್ಲಿ, ಹಳೆಯ ಬೀದಿ, ಮನೆ, ಹಿತ್ತಿಲುಗಳ ರೇಖೆಗಳು ಮೂಡುತ್ತವೆ. ಆರ್ಥಿಕ ಇತಿಹಾಸಕಾರ ಮಾರಿಸ್ ಬೆರೆಸ್‌ಫರ್ಡ್ 1950ರಲ್ಲಿ ಇಲ್ಲಿ ಅಗೆತ ಆರಂಭಿಸಿದರು. ಪುರಾತತ್ತ್ವಜ್ಞ ಜಾನ್ ಹರ್ಸ್ಟ್ ಬಂದು ಕೂಡಿಕೊಂಡರು. 1990ರವರೆಗೆ, ಬೇಸಗೆ ಬೇಸಗೆಗೆ, ಸ್ವಯಂಸೇವಕರ ನೆರವಿನಿಂದ ಈ ಕೆಲಸ ನಡೆಯಿತು.

ಕಿರಿದಾದ ಗುಂಡಿಗಳನ್ನು ತೋಡುವುದರ ಬದಲು ಇಡೀ ಮನೆಯ ನಿವೇಶನವನ್ನೇ ತೆರೆದು, ಮಣ್ಣನ್ನು ಪದರ ಪದರವಾಗಿ ಬಿಡಿಸುವ ಕ್ರಮವನ್ನು ಇವರು ಅನುಸರಿಸಿದರು. ಒಂದೇ ನೆಲೆಯಲ್ಲಿ ಗೋಡೆಗಳ ಮೇಲೆ ಗೋಡೆಗಳು ಕಂಡುಬಂದವು. ರೈತನ ಮನೆ ತಲೆಮಾರಿಗೊಮ್ಮೆ ಬೀಳುತ್ತಿದ್ದ ಬಡ ಗುಡಿಸಲೆಂದು ಮೊದಲು ಊಹಿಸಲಾಯಿತು. ಅನಂತರದ ಮರುಪರಿಶೀಲನೆ ಬೇರೆಯದನ್ನು ಹೇಳಿತು: ಮಾಡಿನ ಭಾರವನ್ನು ಹೊತ್ತದ್ದು ಗಟ್ಟಿಮುಟ್ಟಾದ ಮರದ ಕಮಾನುಗಳು, ಗೋಡೆಯನ್ನು ಮತ್ತೆ ಮತ್ತೆ ಕಟ್ಟಿದರೂ ಮನೆ ನಿಂತೇ ಇತ್ತು. ಸ್ಮಶಾನದಲ್ಲಿ ದೊರೆತ ಸುಮಾರು 700 ಅಸ್ಥಿಪಂಜರಗಳೂ ಮಾತನಾಡಿದವು. ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ ವರ್ಷ ಹಾಲೂಡಿಸುತ್ತಿದ್ದರೆಂಬುದು ಎಲುಬಿನ ರಾಸಾಯನಿಕ ಪರೀಕ್ಷೆಯಿಂದ ತಿಳಿಯಿತು. ಯಾವ ಶಾಸನವೂ ಇದನ್ನು ಬರೆದಿಡಲಿಲ್ಲ.

ಹಾಗಾದರೆ ಊರು ಅಳಿದದ್ದೇಕೆ? 1349ರ ಮಹಾಮಾರಿಯೇ ಕಾರಣವೆಂಬುದು ಜನಪ್ರಿಯ ನಂಬಿಕೆ. ಮಾರಿಯೇನೋ ಊರನ್ನು ಬಡಿಯಿತು. ಆದರೆ ಅದಾದ ಮೇಲೂ ಒಂದೂವರೆ ಶತಮಾನದಷ್ಟು ಕಾಲ ಇಲ್ಲಿ ಒಲೆಗಳು ಉರಿದವು. ಜನ ಕುಗ್ಗಿದಂತೆ ಚರ್ಚೂ ಕುಗ್ಗಿತು. ಪಕ್ಕದ ಅಂಕಣಗಳನ್ನು ಕೆಡವಿ ಕಮಾನುಗಳನ್ನು ಕಲ್ಲಿನಿಂದ ಮುಚ್ಚಿದ ಗುರುತು ಈಗಲೂ ಗೋಡೆಯಲ್ಲಿದೆ. ಕೊನೆಯ ಪೆಟ್ಟು ಕೊಟ್ಟದ್ದು ಉಣ್ಣೆಯ ಲಾಭ. ಉಳುಮೆಗಿಂತ ಕುರಿಯ ಹುಲ್ಲುಗಾವಲು ಲೇಸೆಂದು ಬಗೆದ ಭೂಮಾಲಿಕ 1500ರ ಸುಮಾರಿಗೆ ಉಳಿದಿದ್ದ ಕೆಲವೇ ಒಕ್ಕಲುಗಳನ್ನು ಎಬ್ಬಿಸಿದ.

ರೋಗದ ಮೇಲೆ ಹೊರಿಸಿದ ಅಪವಾದಕ್ಕೆ ಯಾರೂ ಉತ್ತರಿಸಬೇಕಾಗಿಲ್ಲ. ಅದರಿಂದಲೇ ಆ ಕಥೆ ಅಷ್ಟು ಕಾಲ ಬಾಳಿತೆಂದು ತೋರುತ್ತದೆ. ನಲವತ್ತು ಬೇಸಗೆಗಳ ಈ ಶ್ರಮ ದೀಪವಾರಿದ ಊರಿನ ಮುಂದೆ ನಾವು ಕೇಳಲೇಬೇಕಾದ ಪ್ರಶ್ನೆಯೊಂದನ್ನು ಕಲಿಸಿದೆ: ದೀಪ ತಾನಾಗಿ ಆರಿತೋ, ಯಾರಾದರೂ ಆರಿಸಿದರೋ?